ಮೈಸೂರು ರಸ್ತೆಯ ಇಕ್ಬಾಲ್ ಮತ್ತು ಒಂದು ರೋಲ್ಸ್ ರಾಯ್ಸ್

2021ರ ಆಗಸ್ಟ್ 22, ಭಾನುವಾರ. ಬೆಂಗಳೂರಿನ ಯು.ಬಿ. ಸಿಟಿಯ ಮುಂದೆ ಹಾದುಹೋಗುವ ವಿಠಲ ಮಲ್ಯ ರಸ್ತೆಯಲ್ಲಿ ಸಾರಿಗೆ ಇಲಾಖೆಯ ಅಧಿಕಾರಿಗಳು ದುಬಾರಿ ಕಾರುಗಳನ್ನು ತಡೆದು ಕಾಗದಪತ್ರ ಕೇಳುತ್ತಿದ್ದರು. ಪರರಾಜ್ಯದ ನಂಬರು ಹಾಕಿಕೊಂಡು, ಇಲ್ಲಿನ ರಸ್ತೆ ತೆರಿಗೆ ಕಟ್ಟದೆ ಓಡಾಡುವ ಕಾರುಗಳನ್ನು ಹಿಡಿಯುವುದು ಅವರ ಉದ್ದೇಶ. ಅಂದು ಹಿಡಿದ ಕಾರುಗಳಲ್ಲಿ ಒಂದು ರೋಲ್ಸ್ ರಾಯ್ಸ್ ಫ್ಯಾಂಟಮ್. ನೋಂದಣಿ ಮಹಾರಾಷ್ಟ್ರದ್ದು. ಮಾಲೀಕರ ಹೆಸರಿನ ಮುಂದೆ ಇದ್ದದ್ದು: ಅಮಿತಾಭ್ ಬಚ್ಚನ್.

ಮರುದಿನ ಪತ್ರಿಕೆಗಳಿಗೂ ಟೀವಿಯವರಿಗೂ ಹಬ್ಬ. ಕಾರಿನ ನಿಜವಾದ ಒಡೆಯ ಯೂಸುಫ್ ಶರೀಫ್ ಎಂಬ ಬೆಂಗಳೂರಿನ ಉದ್ಯಮಿ, ಅವರು 2019ರಲ್ಲೇ ಅದನ್ನು ಅಮಿತಾಭ್ ಅವರಿಂದ ಕೊಂಡಿದ್ದರು, ಮಾರಾಟದ ಬಗ್ಗೆ ನಟನ ಪತ್ರವೂ ಇತ್ತು, ಆದರೆ ಆರ್.ಸಿ. ಪುಸ್ತಕದಲ್ಲಿ ಹೆಸರು ಬದಲಾಗಿರಲಿಲ್ಲ ಎಂಬುದು ಹೊರಬಂತು. ಎರಡು ದಿನ ಸುದ್ದಿಯಾಗಿ ಮೂರನೆಯ ದಿನ ಜನ ಮರೆತರು. ನನಗೆ ಮಾತ್ರ ಅದು ಅಷ್ಟು ಸುಲಭಕ್ಕೆ ಮರೆಯುವ ಸುದ್ದಿಯಾಗಿ ಕಾಣಲಿಲ್ಲ. ಆ ಕಾರಿನ ಹಿಂದೆ ನೂರು ವರ್ಷಕ್ಕೂ ಮೀರಿದ ಕತೆಯಿದೆ. ಆ ಕತೆಯ ಕೆಲವು ಮುಖ್ಯ ಘಟನೆಗಳು ನಡೆದದ್ದು ವಿಠಲ ಮಲ್ಯ ರಸ್ತೆಯಲ್ಲಲ್ಲ, ನಮ್ಮ ಮೈಸೂರು ರಸ್ತೆಯಲ್ಲಿ.

ರೋಲ್ಸ್ ರಾಯ್ಸ್ ಎಂಬುದು ಇಬ್ಬರು ಮನುಷ್ಯರ ಹೆಸರು. ಹೆನ್ರಿ ರಾಯ್ಸ್ ಬಡತನದಲ್ಲಿ ಬೆಳೆದು ಕೈಕಸುಬಿನಿಂದ ಮೇಲೆ ಬಂದ ಎಂಜಿನಿಯರ್. ಚಾರ್ಲ್ಸ್ ರೋಲ್ಸ್ ಶ್ರೀಮಂತ ಮನೆತನದ ಹುಡುಗ, ಲಂಡನ್ನಿನಲ್ಲಿ ಕಾರು ಮಾರುತ್ತಿದ್ದವನು. ಇಬ್ಬರೂ 1904ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಭೇಟಿಯಾದರು. ರೋಲ್ಸ್ ಬಹಳ ದಿನ ಬದುಕಲಿಲ್ಲ, 1910ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ದುಡಿದವನ ಹೆಸರು ಎರಡನೆಯದಾಗಿಯೂ, ಮಾರಿದವನ ಹೆಸರು ಮೊದಲನೆಯದಾಗಿಯೂ ಉಳಿದುಬಿಟ್ಟಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಅವರ ಕಾರುಗಳ ಹೆಸರುಗಳು ವಿಚಿತ್ರ. 1907ರಲ್ಲಿ ಬೆಳ್ಳಿಯ ಬಣ್ಣ ಬಳಿದು ಪ್ರದರ್ಶನಕ್ಕೆ ಬಿಟ್ಟ ಕಾರು ಸ್ವಲ್ಪವೂ ಸದ್ದು ಮಾಡುತ್ತಿರಲಿಲ್ಲವೆಂದು ಅದಕ್ಕೆ ‘ಸಿಲ್ವರ್ ಘೋಸ್ಟ್’ ಎಂದು ಹೆಸರಿಟ್ಟರು. ಬೆಳ್ಳಿ ದೆವ್ವ. 1925ರಲ್ಲಿ ಬಂದದ್ದು ಫ್ಯಾಂಟಮ್; ಅದೂ ದೆವ್ವವೇ. ಆಮೇಲೆ ಬಂದ ರೈತ್ ಎಂಬುದು ಕೂಡ ಪ್ರೇತದ ಹೆಸರು. ನಮ್ಮಲ್ಲಿ ಹೊಸ ಕಾರು ಕೊಂಡರೆ ನಿಂಬೆಹಣ್ಣು ಚಕ್ರದಡಿ ಇಟ್ಟು ದೆವ್ವವನ್ನು ದೂರ ಇಡುತ್ತಾರೆ, ಇಲ್ಲವೇ ಆಯತುಲ್ ಕುರ್ಸಿ ಬರೆದ ಚೀಟಿಯನ್ನು ಕನ್ನಡಿಗೆ ತೂಗುಹಾಕುತ್ತಾರೆ. ಇಂಗ್ಲೆಂಡಿನವರು ದೆವ್ವವನ್ನೇ ಕಾರು ಮಾಡಿ ಕೋಟಿಗೆ ಮಾರಿದರು.

ಈ ಕಾರಿಗೆ ಬಹು ಬೇಗ ಗಿರಾಕಿಗಳಾದವರು ನಮ್ಮ ದೇಶದ ರಾಜರು. ಆ ಕಾಲದಲ್ಲಿ ಕಂಪನಿ ಕೊಡುತ್ತಿದ್ದದ್ದು ಎಂಜಿನ್ನು, ಷಾಸಿ ಮಾತ್ರ. ಮೇಲಿನ ಮೈಯನ್ನು ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿಯಂಥ ಗಾಡಿ ಕಟ್ಟುವ ಮನೆಗಳು ಗಿರಾಕಿಯ ಮರ್ಜಿಯಂತೆ ಕಟ್ಟಿಕೊಡುತ್ತಿದ್ದವು. ಮರದ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡು, ಒಳಗೆ ಚರ್ಮ ಅಥವಾ ರೇಷ್ಮೆ. ಕುದುರೆ ಸಾರೋಟು ಕಟ್ಟುತ್ತಿದ್ದ ಕೈಗಳೇ ಇದನ್ನೂ ಕಟ್ಟಿದವು. ಹಾಗಾಗಿ ಎರಡು ಕಾರು ಒಂದೇ ಥರ ಇರಬೇಕಾದ ನಿಯಮವೇ ಇರಲಿಲ್ಲ. ಹೈದರಾಬಾದಿನ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅಂಥದೊಂದು ಕಾರಿಗೆ ಹೇಳಿಕಳಿಸಿದರು. ಹಳದಿ ಬಣ್ಣದ ಸಿಲ್ವರ್ ಘೋಸ್ಟ್, ಹಿಂಭಾಗದಲ್ಲಿ ಎತ್ತರಿಸಿದ ಸಿಂಹಾಸನದಂಥ ಆಸನ, ಕಟ್ಟಿದವರು ಬಾರ್ಕರ್. ಕಾರು ಬರುವ ಮೊದಲೇ, 1911ರ ಆಗಸ್ಟಿನಲ್ಲಿ ನಿಜಾಮರು ತೀರಿಕೊಂಡರು. ಬಂದ ಕಾರು ಮಗ ಉಸ್ಮಾನ್ ಅಲಿ ಖಾನರ ಪಾಲಾಯಿತು. ಬೀದರ, ಕಲಬುರಗಿ, ರಾಯಚೂರಿನ ರೈತರ ಕಂದಾಯವೂ ಸೇರಿದ್ದ ಖಜಾನೆಯ ಹಣ ಅದು. ದರ್ಬಾರಿನ ಮೆರವಣಿಗೆಗೆಂದೇ ಮಾಡಿಸಿದ್ದು. ಜಗತ್ತಿನ ಅತಿ ದೊಡ್ಡ ಶ್ರೀಮಂತನೆಂದು ಹೆಸರಾದ ಉಸ್ಮಾನ್ ಅಲಿ ಖಾನರ ಜಿಪುಣತನವೂ ಅಷ್ಟೇ ಹೆಸರುವಾಸಿ. ಇವತ್ತು ಅದನ್ನು ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಟಿಕೇಟು ಕೊಂಡು ನೋಡಬಹುದು.

ಮೈಸೂರಿನ ಅರಸರದು ಇನ್ನೊಂದು ಕತೆ. ಅವರು ರೋಲ್ಸ್ ರಾಯ್ಸ್ ಕಾರುಗಳನ್ನು ಒಂದೊಂದಾಗಿ ಕೊಳ್ಳದೆ ಏಳೇಳರಂತೆ ಕೊಳ್ಳುತ್ತಿದ್ದರಂತೆ. ಅದಕ್ಕೇ ಇಂಗ್ಲೆಂಡಿನ ಕಾರ್ಖಾನೆಯಲ್ಲಿ ಯಾರಾದರೂ ಸಗಟಾಗಿ ಕಾರು ಕೊಂಡರೆ ‘ಮೈಸೂರು ಮಾಡಿದ’ ಎನ್ನುತ್ತಿದ್ದರಂತೆ. ಹಳೆಯ ಕಾರಿನ ಹುಚ್ಚಿನವರೆಲ್ಲ ಈ ಮಾತನ್ನು ಹೇಳುತ್ತಾರೆ. ಈ ‘ಅಂತೆ’ಗಳ ಬಗ್ಗೆ ಸ್ವಲ್ಪ ಎಚ್ಚರವಿರುವುದು ಒಳ್ಳೆಯದು. ಅಲ್ವರಿನ ಮಹಾರಾಜ ಲಂಡನ್ನಿನ ಅಂಗಡಿಯಲ್ಲಿ ಅವಮಾನವಾದ ಸಿಟ್ಟಿಗೆ ರೋಲ್ಸ್ ರಾಯ್ಸ್ ಕೊಂಡು ತಂದು ಕಸ ಹೊಡೆಯಲು ಹಚ್ಚಿದ ಕತೆ ಎಲ್ಲರಿಗೂ ಗೊತ್ತು. ಅದೇ ಕತೆಯನ್ನು ಇನ್ನೊಬ್ಬ ರಾಜನ ಹೆಸರಿನಲ್ಲಿ ಹೇಳುವವರೂ ಇದ್ದಾರೆ. ಒಂದೇ ಕತೆಗೆ ಹಲವು ರಾಜರು ನಾಯಕರಾದರೆ ಅದು ಚರಿತ್ರೆಯಲ್ಲ, ಜಾನಪದ. ಕತೆಗಾರನಾದ ನನಗೆ ಅದರ ಮೇಲೆ ಪ್ರೀತಿಯೇ ಇದೆ. ಬ್ರಿಟಿಷರ ಮುಂದೆ ತಲೆ ತಗ್ಗಿಸಿ ಸಾಕಾದ ಜನ, ಕೊನೇ ಪಕ್ಷ ಒಬ್ಬ ರಾಜನಾದರೂ ಅವರ ಹೆಮ್ಮೆಯ ವಸ್ತುವಿಗೆ ಪೊರಕೆ ಕಟ್ಟಿದನಲ್ಲ ಎಂದು ಕಲ್ಪಿಸಿಕೊಂಡು ನಕ್ಕ ಕತೆ ಅದು. ಆದರೆ ಆ ಪೊರಕೆಗೆ ದಾಖಲೆ ಕೇಳಬಾರದು.

ದಾಖಲೆ ಇರುವುದು ಬೇರೆ ಸಂಗತಿಗೆ. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ಅರಸರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ನಿಗದಿಯಾಯಿತು. 1971ರ ಕೊನೆಗೆ ಸಂವಿಧಾನದ 26ನೆಯ ತಿದ್ದುಪಡಿಯಿಂದ ಎಲ್ಲ ರಾಜರ ರಾಜಧನವೂ ನಿಂತಿತು. ಅದಕ್ಕೂ ಮೊದಲೇ ದೇಶದ ತುಂಬ ಅರಮನೆಗಳ ಗ್ಯಾರೇಜುಗಳು ಖಾಲಿಯಾಗತೊಡಗಿದ್ದವು. ವಿದೇಶಿ ವ್ಯಾಪಾರಿಗಳು ಬಂದು ಕೊಂಡು ಹಡಗಿಗೆ ಹಾಕಿದರು. 1950ಕ್ಕಿಂತ ಹಿಂದೆ ತಯಾರಾದ ಕಾರುಗಳ ರಫ್ತಿಗೆ ಸರ್ಕಾರ ನಿರ್ಬಂಧ ಹೇರುವ ಹೊತ್ತಿಗೆ ಒಳ್ಳೊಳ್ಳೆಯವು ಹೋಗಿಯಾಗಿತ್ತು. ಉಳಿದವುಗಳಲ್ಲಿ ಕೆಲವು ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋದವು, ಕೆಲವು ಗುಜರಿಗೆ. ಈಗ ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಎಂಬ ಕಾರು ವಸ್ತುಸಂಗ್ರಹಾಲಯವಿದೆ. ಹಳೆಯ ಕಾರಿನ ಮೈ ಹೇಗಿರುತ್ತಿತ್ತು ಎಂದು ನೋಡಬೇಕೆನ್ನುವವರು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದು.

ರಾಜರ ಕಾರು ಮೈಸೂರಿನಿಂದ ಬೆಂಗಳೂರಿಗೆ ಬರುತ್ತಿದ್ದ ದಾರಿಯೇ ಮೈಸೂರು ರಸ್ತೆ. ಅದರ ಪಕ್ಕದಲ್ಲಿ ವೃಷಭಾವತಿ ಹರಿಯುತ್ತದೆ. ಇವತ್ತು ಹೊಳೆ ಎನ್ನಲು ನಾಲಿಗೆ ಹಿಂಜರಿಯುತ್ತದೆ. ಇದೇ ರಸ್ತೆಯ ಕಮಾನಿನ ಒಳಗೆ ಹೊಕ್ಕರೆ ರಾಜರಾಜೇಶ್ವರಿನಗರ. ದೇವಸ್ಥಾನದಿಂದ ಬಂದ ಈ ಚೆಂದದ ಉದ್ದ ಹೆಸರನ್ನು ಬಸ್ ಕಂಡಕ್ಟರುಗಳು, ಆಟೋದವರು, ಕೊನೆಗೆ ಎಲ್ಲರೂ ಸೇರಿ ‘ಆರ್.ಆರ್. ನಗರ’ ಮಾಡಿದರು. ಆ ಎರಡು ಅಕ್ಷರ ರೋಲ್ಸ್ ರಾಯ್ಸ್ ಕಾರಿನ ಮೂತಿಯ ಮೇಲೂ ಇವೆ ಎಂಬುದು ಬರೀ ಕಾಕತಾಳೀಯ. ಬಡಾವಣೆಯಲ್ಲಿ ಸಿನಿಮಾ ನಟರ, ನಿರ್ಮಾಪಕರ ಮನೆಗಳಿರುವುದರಿಂದ ದುಬಾರಿ ಕಾರುಗಳನ್ನು ನೋಡಿ ನೋಡಿ ಇಲ್ಲಿನ ಜನಕ್ಕೆ ಅಂಥ ಬೆರಗೇನೂ ಉಳಿದಿಲ್ಲ.

ಆದರೆ 1973ರಲ್ಲಿ ಈ ಊರು ಇನ್ನೂ ಹಳ್ಳಿಗಳ, ತೋಟಗಳ ಸಾಲಾಗಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ರಾಮನಗರದ ಬಂಡೆಗಳ ನಡುವೆ ‘ಶೋಲೆ’ಯ ಚಿತ್ರೀಕರಣ ಶುರುವಾಯಿತು. ಚಿತ್ರೀಕರಣದ ಜಾಗಕ್ಕೆ ಹೆದ್ದಾರಿಯಿಂದ ಹೊಸ ರಸ್ತೆಯನ್ನೇ ಮಾಡಿಸಬೇಕಾಯಿತು. ಬೆಂಗಳೂರಿನಿಂದ ರಾಮನಗರಕ್ಕೆ ಹೋಗುವ ಯಾರಿಗೇ ಆದರೂ ಆಗ ಇದ್ದದ್ದು ಈ ಮೈಸೂರು ರಸ್ತೆಯೇ. ಎತ್ತರದ ಆ ಹುಡುಗನನ್ನು ಕೈ ಹಿಡಿದವರಲ್ಲಿ ಅದಕ್ಕೆ ಮುಂಚೆ ಹಾಸ್ಯನಟ ಮೆಹಮೂದ್ ಒಬ್ಬರು. 1972ರ ‘ಬಾಂಬೆ ಟು ಗೋವಾ’ದಲ್ಲಿ ನಾಯಕನ ಪಾತ್ರ ಕೊಟ್ಟರು. ಒಂದು ಬಸ್ಸೇ ಮುಖ್ಯ ಪಾತ್ರವಾಗಿದ್ದ ಆ ಸಿನಿಮಾದಲ್ಲಿ ಮೆಹಮೂದ್ ಕಂಡಕ್ಟರ್, ಅವರ ತಮ್ಮ ಅನ್ವರ್ ಅಲಿ ಡ್ರೈವರ್, ಅಮಿತಾಭ್ ಪ್ರಯಾಣಿಕ.

ಹತ್ತು ವರ್ಷ ಬಿಟ್ಟು, 1982ರ ಜುಲೈನಲ್ಲಿ ಅಮಿತಾಭ್ ಮತ್ತೆ ಈ ರಸ್ತೆಗೆ ಬಂದರು. ಈ ಸಲ ರಾಮನಗರದ ತನಕ ಹೋಗಬೇಕಾಗಿರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲೇ, ಅಂದರೆ ರಾಜರಾಜೇಶ್ವರಿನಗರದ ಎದುರಿಗೇ, ಮನಮೋಹನ್ ದೇಸಾಯಿಯವರ ‘ಕೂಲಿ’ ಚಿತ್ರೀಕರಣ. ಪುನೀತ್ ಇಸ್ಸಾರ್ ಜೊತೆಗಿನ ಹೊಡೆದಾಟದ ದೃಶ್ಯದಲ್ಲಿ ಲೆಕ್ಕ ತಪ್ಪಿ ಮೇಜಿನ ಮೂಲೆ ಹೊಟ್ಟೆಗೆ ಬಡಿಯಿತು. ಒಳಗೆ ಕರುಳಿಗೆ ಪೆಟ್ಟಾದದ್ದು ಹೊರಗೆ ಕಾಣಿಸಲಿಲ್ಲ. ಬೆಂಗಳೂರಿನ ಸೇಂಟ್ ಫಿಲೋಮಿನಾ ಆಸ್ಪತ್ರೆ, ಅಲ್ಲಿಂದ ಮುಂಬೈನ ಬ್ರೀಚ್ ಕ್ಯಾಂಡಿ. ಆಗಸ್ಟ್ 2ರಂದು ವೈದ್ಯರು ಕೈಚೆಲ್ಲುವ ಹಂತ ತಲುಪಿ, ಕೊನೆಗೆ ಜೀವ ಮರಳಿತು. ಆ ದಿನವನ್ನು ಅಮಿತಾಭ್ ತಮ್ಮ ಎರಡನೆಯ ಹುಟ್ಟುಹಬ್ಬವೆಂದೇ ಹೇಳುತ್ತಾರೆ. ದೇಶದ ಗುಡಿಗಳಲ್ಲಿ, ಚರ್ಚುಗಳಲ್ಲಿ, ದರ್ಗಾಗಳಲ್ಲಿ ಜನ ಅವರಿಗಾಗಿ ಕೈಯೆತ್ತಿ ಬೇಡಿದರು.

ಆ ಸಿನಿಮಾದಲ್ಲಿ ಅಮಿತಾಭ್ ಯಾರು? ಇಕ್ಬಾಲ್ ಖಾನ್. ರೈಲ್ವೆ ಸ್ಟೇಷನ್ನಿನಲ್ಲಿ ಹೊರೆ ಹೊರುವ ಮುಸಲ್ಮಾನ. ತೋಳಿನ ಮೇಲೆ ಹಿತ್ತಾಳೆ ಬಿಲ್ಲೆ, ಅದರ ನಂಬರು 786. ಅಕ್ಷರಗಳಿಗೆ ಅಂಕಿ ಹಚ್ಚುವ ಅಬ್ಜದ್ ಲೆಕ್ಕದಲ್ಲಿ ಬಿಸ್ಮಿಲ್ಲಾದ ಮೊತ್ತವೆಂದು ನಮ್ಮ ಜನ ನಂಬುವ ಸಂಖ್ಯೆ. ಕಾಗದದ ತಲೆಯ ಮೇಲೆ, ಅಂಗಡಿಯ ಬೋರ್ಡಿನ ಮೇಲೆ ಬರೆಯುತ್ತಾರೆ. ದುಡ್ಡಿದ್ದವರು ಆರ್.ಟಿ.ಓ. ಕಚೇರಿಯಲ್ಲಿ ಹೆಚ್ಚು ಹಣ ಕಟ್ಟಿ ಕಾರಿಗೂ ಅದೇ ನಂಬರು ಹಿಡಿಯುತ್ತಾರೆ. 1975ರ ‘ದೀವಾರ್’ನಲ್ಲೂ ಅಮಿತಾಭ್ ಪಾತ್ರವನ್ನು ಕಾಪಾಡುವುದು 786ರ ಬಿಲ್ಲೆಯೇ. ಅಲ್ಲಿ ಅದು ಗೆಳೆಯ ರಹೀಮ್ ಚಾಚಾ ವಿವರಿಸಿ ಹೇಳಿದ ಶುಭದ ಗುರುತು. ಇಲ್ಲಿ ಸ್ವಂತ ಗುರುತು. ಇಕ್ಬಾಲ್ ಕೊನೆಗೆ ಸಾಯಬೇಕೆಂದು ಮೊದಲು ಇದ್ದ ಕತೆಯನ್ನು ಅಪಘಾತದ ನಂತರ ಬದಲಿಸಿ, ಬದುಕಿಸಿದರು. 1983ರಲ್ಲಿ ಸಿನಿಮಾ ಬಿಡುಗಡೆಯಾದಾಗ ಪೆಟ್ಟು ಬಿದ್ದ ಆ ಕ್ಷಣವನ್ನು ತೆರೆಯ ಮೇಲೆ ನಿಲ್ಲಿಸಿ ತೋರಿಸಿದರು. ನಮ್ಮ ಮೊಹಲ್ಲಾಗಳ ಹುಡುಗರಿಗೆ ಅದು ಏನಾಗಿತ್ತು ಎಂಬುದನ್ನು ಇವತ್ತಿನವರಿಗೆ ವಿವರಿಸುವುದು ಕಷ್ಟ. ಹಿಂದಿ ಸಿನಿಮಾದ ಮುಸಲ್ಮಾನ ಎಂದರೆ ಅದುವರೆಗೆ ಶಾಯರಿ ಹೇಳುವ ನವಾಬ, ಇಲ್ಲವೇ ನಾಯಕನಿಗಾಗಿ ಪ್ರಾಣ ಕೊಡುವ ಗೆಳೆಯ. ದೇಶದ ಅತಿ ದೊಡ್ಡ ನಟ ಕೂಲಿಕಾರ ಸಾಬನಾಗಿ, ಸಾಯದೆ, ಗೆದ್ದು ನಿಂತದ್ದು ಸಣ್ಣ ಸಂಗತಿಯಾಗಿರಲಿಲ್ಲ.

ಕೂಲಿ ಇಕ್ಬಾಲನಾಗಿದ್ದವರಿಗೆ ರೋಲ್ಸ್ ರಾಯ್ಸ್ ಬಂದದ್ದು 2007ರಲ್ಲಿ. ಅದೂ ಕೊಂಡದ್ದಲ್ಲ, ಉಡುಗೊರೆ. ನಿರ್ದೇಶಕ ವಿಧು ವಿನೋದ್ ಚೋಪ್ರಾ ತಮ್ಮ ‘ಏಕಲವ್ಯ’ ಚಿತ್ರದಲ್ಲಿ ನಟಿಸಿದ್ದಕ್ಕೆ ಸಂತೋಷಪಟ್ಟು ಕೊಟ್ಟರು. ಆ ಚಿತ್ರದಲ್ಲಿ ಅಮಿತಾಭ್ ರಾಜಸ್ಥಾನದ ಅರಮನೆಯೊಂದರ ಮುದಿ ಕಾವಲುಗಾರ. ಕಾವಲುಗಾರನ ವೇಷ ಹಾಕಿದವರಿಗೆ ರಾಜರ ಕಾರು ಸಿಕ್ಕಿತು. ರಾಜರೆಲ್ಲ ಹೋಗಿ ಆ ಜಾಗಕ್ಕೆ ಸಿನಿಮಾ ನಟರು ಬಂದು ಕೂತದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ. ಚೋಪ್ರಾ ಹೇಳುವ ಪ್ರಕಾರ ಕಾರು ಕೊಡಲು ತಾಯಿಯನ್ನೂ ಕರೆದುಕೊಂಡು ಹೋಗಿದ್ದರು. ಕೀಲಿ ಕೊಟ್ಟು ವಾಪಸು ಹೊರಟದ್ದು ತಮ್ಮ ಹಳೆಯ ಮಾರುತಿ ವ್ಯಾನಿನಲ್ಲಿ. ಆ ಲಂಬೂಗೆ ಕಾರು ಕೊಟ್ಟೆ, ನೀನೇಕೆ ಒಂದು ಒಳ್ಳೆಯ ಕಾರು ಇಟ್ಟುಕೊಂಡಿಲ್ಲ ಎಂದು ತಾಯಿ ಕೇಳಿದರಂತೆ. ಅದರ ಬೆಲೆ ಹನ್ನೊಂದು ಲಕ್ಷವಿರಬಹುದು ಎಂಬುದು ಆಕೆಯ ಅಂದಾಜು. ನಾಲ್ಕೂವರೆ ಕೋಟಿ ಎಂದು ಮಗ ಹೇಳಿದಾಗ ಕಪಾಳಕ್ಕೆ ಒಂದು ಏಟು ಬಿತ್ತು. ಈ ಕಾರಿನ ಇಡೀ ಚರಿತ್ರೆಯಲ್ಲಿ ಅದರ ಬೆಲೆಯ ಬಗ್ಗೆ ಸರಿಯಾದ ಮಾತು ಆಡಿದವರು ಆ ತಾಯಿಯೇ ಎಂದು ನನಗನ್ನಿಸುತ್ತದೆ.

ಇದು ರಾಜರ ಕಾಲದ ಫ್ಯಾಂಟಮ್ ಅಲ್ಲ. ಹಳೆಯ ಕಂಪನಿ ಕೈಬದಲಾಗಿ, ಹೆಸರು ಜರ್ಮನಿಯ ಬಿ.ಎಂ.ಡಬ್ಲ್ಯೂ. ಪಾಲಾಗಿ, ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಹೊಸ ಕಾರ್ಖಾನೆ ಕಟ್ಟಿ 2003ರ ಜನವರಿಯಿಂದ ಬಿಟ್ಟ ಮಾದರಿ. ಎರಡೂವರೆ ಟನ್ ತೂಕ, ಹನ್ನೆರಡು ಸಿಲಿಂಡರಿನ 6.75 ಲೀಟರ್ ಎಂಜಿನ್, ಎದುರು ಬದುರು ತೆರೆದುಕೊಳ್ಳುವ ಬಾಗಿಲು, ಹಿಂದಿನ ಬಾಗಿಲಿನ ಒಳಗೇ ಅಡಗಿಸಿಟ್ಟ ಕೊಡೆ. ಚಕ್ರ ಎಷ್ಟೇ ತಿರುಗಲಿ, ನಡುವಿನ ಆರ್.ಆರ್. ಅಕ್ಷರ ಮಾತ್ರ ನೆಟ್ಟಗೆ ನಿಂತಿರುತ್ತದೆ. ರಾಜರು ಬಾರ್ಕರ್‌ನಲ್ಲಿ ಮಾಡಿಸಿಕೊಳ್ಳುತ್ತಿದ್ದ ಮರ್ಜಿಯ ಕೆಲಸ ಈಗಲೂ ಉಂಟು, ಕಂಪನಿಯೇ ಮಾಡಿಕೊಡುತ್ತದೆ, ಹಣ ತೆತ್ತರೆ.

ಹನ್ನೆರಡು ವರ್ಷ ಇಟ್ಟುಕೊಂಡು 2019ರಲ್ಲಿ ಅಮಿತಾಭ್ ಅದನ್ನು ಮಾರಿದರು. ಯೂಸುಫ್ ಶರೀಫರು ಆರು ಕೋಟಿ ಕೊಟ್ಟರೆಂದು ಆಗ ವರದಿಯಾಯಿತು. ಆ ಅಂಕಿ ನಿಜವಿದ್ದರೆ, ಹಳೆಯದಾದಷ್ಟೂ ಬೆಲೆ ಇಳಿಯಬೇಕಾದ ವಸ್ತು ಇಲ್ಲಿ ಏರಿದೆ. ಏರಿದ ಆ ಹಣ ಕಬ್ಬಿಣಕ್ಕಲ್ಲ, ಚರ್ಮದ ಸೀಟಿಗಲ್ಲ, ಅಲ್ಲಿ ಕೂತಿದ್ದವರ ಹೆಸರಿಗೆ. ಇಂಥದಕ್ಕೆ ದೊಡ್ಡ ಉದಾಹರಣೆ ಬೀಟಲ್ಸ್ ತಂಡದ ಜಾನ್ ಲೆನನ್‌ರ ಫ್ಯಾಂಟಮ್. 1965ರಲ್ಲಿ ಕೊಂಡ ಕಪ್ಪು ಕಾರಿಗೆ 1967ರಲ್ಲಿ ಹಳದಿ ಬಳಿಸಿ, ಹೂಬಳ್ಳಿ ಬರೆಸಿದರು. ನಮ್ಮ ಲಾರಿಗಳ ಚಿತ್ತಾರವನ್ನು ನೆನಪಿಸುವಂಥದು. ಮುಂದೆ ಅಮೆರಿಕದಲ್ಲಿ ತೆರಿಗೆಯ ಲೆಕ್ಕ ಸರಿಹೊಂದಿಸಲು 1977ರಲ್ಲಿ ಆ ಕಾರನ್ನು ಒಂದು ಮ್ಯೂಸಿಯಮ್ಮಿಗೆ ದಾನ ಕೊಟ್ಟರು. ಲೆನನ್ ಹತ್ಯೆಯಾಗಿ ಐದು ವರ್ಷಕ್ಕೆ, 1985ರ ಹರಾಜಿನಲ್ಲಿ ಅದು 22 ಲಕ್ಷ ಡಾಲರುಗಳಿಗೂ ಹೆಚ್ಚಿಗೆ ಹೋಗಿ ಜಗತ್ತಿನಲ್ಲಿ ದಾಖಲೆಯಾಯಿತು. ಈಗ ಕೆನಡಾದ ವಿಕ್ಟೋರಿಯಾ ನಗರದ ವಸ್ತುಸಂಗ್ರಹಾಲಯದ ಸೊತ್ತು. ಲೆನನ್ ತೆರಿಗೆಗಾಗಿ ಕಾರು ಬಿಟ್ಟುಕೊಟ್ಟರು, ಬೆಂಗಳೂರಿನಲ್ಲಿ ತೆರಿಗೆಗಾಗಿ ಕಾರು ಹಿಡಿದರು.

ಈಗ ಕೊಂಡವರ ಕಡೆಗೆ ಬರೋಣ. ಯೂಸುಫ್ ಶರೀಫ್ ಕೋಲಾರದ ಚಿನ್ನದ ಗಣಿಯ ಊರಿನವರು. ಬಡ ಮನೆಯಲ್ಲಿ ಹುಟ್ಟಿ ಗುಜರಿ ವ್ಯಾಪಾರದಿಂದ ಮೇಲೆ ಬಂದು, ಆಮೇಲೆ ಭೂಮಿ, ಕಟ್ಟಡದ ವ್ಯವಹಾರಕ್ಕೆ ಇಳಿದದ್ದಾಗಿ ಅವರೇ ಹೇಳಿಕೊಂಡಿದ್ದಾರೆ. 2021ರ ಕೊನೆಗೆ ವಿಧಾನಪರಿಷತ್ತಿಗೆ ಕಾಂಗ್ರೆಸ್ಸಿನಿಂದ ನಿಂತಾಗ ಘೋಷಿಸಿದ ಆಸ್ತಿ 1,700 ಕೋಟಿ ರೂಪಾಯಿಗೂ ಮಿಕ್ಕಿ, ಸೋತರು. ಜನ ಅವರನ್ನು ಕೆ.ಜಿ.ಎಫ್. ಬಾಬು ಎನ್ನುತ್ತಾರೆ, ಗುಜರಿ ಬಾಬು ಎಂದೂ ಕರೆಯುತ್ತಾರೆ. ಅವರ ರಾಜಕೀಯ, ವ್ಯವಹಾರಗಳ ಬಗ್ಗೆ ಪರ ವಿರೋಧ ಮಾತಾಡುವವರು ಬೇಕಾದಷ್ಟಿದ್ದಾರೆ, ಅದು ಈ ಲೇಖನದ ಕೆಲಸವಲ್ಲ. ನನ್ನ ಕುತೂಹಲ ‘ಗುಜರಿ’ ಎಂಬ ಮಾತಿನ ಮೇಲೆ.

ಕನ್ನಡದಲ್ಲಿ ಗುಜರಿ ಎಂದರೆ ಕೆಲಸಕ್ಕೆ ಬಾರದ ಸಾಮಾನು. ಉರ್ದು ನಿಘಂಟಿನಲ್ಲಿ ‘ಗುಜ್ರಿ’ ಎಂದರೆ ಸಾಯಂಕಾಲದ ಹೊತ್ತು ರಸ್ತೆ ಬದಿಯಲ್ಲಿ ಸೇರುವ ಸಂತೆ. ‘ಗುಜರ್’ ಎಂದರೆ ಹಾದುಹೋಗುವುದು. ಹಾದುಹೋಗುವವರು ನಿಂತು ಕೊಳ್ಳುವ ಜಾಗ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ವಸ್ತು ಹಾದುಹೋಗುವ ಜಾಗ. ಅದೇ ಧಾತುವಿನಿಂದ ‘ಗುಜರ್ ಜಾನಾ’, ತೀರಿಕೊಳ್ಳುವುದು ಎಂಬ ಅರ್ಥವೂ ಬಂದಿದೆ. ಬೆಂಗಳೂರಿನ ಶಿವಾಜಿನಗರದಲ್ಲಿ, ಕಲಾಸಿಪಾಳ್ಯದಲ್ಲಿ ಹಳೆಯ ವಾಹನಗಳನ್ನು ಬಿಚ್ಚಿ ಗೇರುಬಾಕ್ಸು, ಆಕ್ಸಲ್ಲು, ಬಾಗಿಲು, ಲೈಟು ಎಂದು ಬೇರೆ ಬೇರೆ ಮಾಡಿ ಮಾರುವ ಅಂಗಡಿಗಳ ಸಾಲು ನೋಡಿದವರಿಗೆ ಈ ಎರಡೂ ಅರ್ಥ ಒಟ್ಟಿಗೇ ತಿಳಿಯುತ್ತವೆ. ಸತ್ತ ಗಾಡಿ ಅಲ್ಲಿ ಹತ್ತು ಗಾಡಿಗಳ ಒಳಗೆ ಬದುಕುತ್ತದೆ. ಹೊಸ ಬಿಡಿಭಾಗ, ಅಲಂಕಾರದ ಸಾಮಾನುಗಳಿಗೆ ಹೆಸರಾದದ್ದು ಜೆ.ಸಿ. ರಸ್ತೆ. ಆ ಜೆ.ಸಿ. ಎಂದರೆ ಜಯಚಾಮರಾಜೇಂದ್ರ, ಮೈಸೂರಿನ ಕೊನೆಯ ಮಹಾರಾಜರು. ರೋಲ್ಸ್ ರಾಯ್ಸ್ ಮನೆತನದ ಹೆಸರು ಕೊನೆಗೆ ಸೀಟ್ ಕವರಿನ ಅಂಗಡಿಗಳ ಬಿಲ್ಲಿನ ಮೇಲೆ ಉಳಿದಿದೆ.

ಈ ಕಸುಬಿನಲ್ಲಿ ನಮ್ಮವರ ಪಾಲು ದೊಡ್ಡದು. ಓದು ಅರ್ಧಕ್ಕೆ ಬಿಟ್ಟ ಹುಡುಗನನ್ನು ಗ್ಯಾರೇಜಿಗೆ ಹಾಕುವುದು ಎಷ್ಟೋ ಮನೆಗಳ ಪದ್ಧತಿ. ಮೊದಲು ಸ್ಪ್ಯಾನರ್ ಎತ್ತಿಕೊಡುವುದು, ಚಹಾ ತರುವುದು. ಕೆಲವು ವರ್ಷ ಕಳೆದ ಮೇಲೆ ಶಾಗಿರ್ದ. ಕೈ ಕುದುರಿದರೆ ಉಸ್ತಾದ್. ಟಿಂಕರಿಂಗ್‌ನವನು ಮರದ ಸುತ್ತಿಗೆಯಲ್ಲಿ ತಗಡನ್ನು ತಟ್ಟಿ ತಟ್ಟಿ, ಮೇಲೆ ಅಂಗೈ ಆಡಿಸಿ, ಕಣ್ಣಿಗೆ ಕಾಣದ ಏರುತಗ್ಗನ್ನು ಬೆರಳಲ್ಲಿ ಹುಡುಕುತ್ತಾನೆ. ಇಂಗ್ಲೆಂಡಿನ ಬಾರ್ಕರ್‌ನ ಕೆಲಸಗಾರ ಮಾಡುತ್ತಿದ್ದದ್ದೂ ಇದನ್ನೇ. ಹಳೆಯ ಕಾರುಗಳ ಮೆರವಣಿಗೆ ನಡೆದಾಗ ಪತ್ರಿಕೆಯಲ್ಲಿ ಮಾಲೀಕರ ಫೋಟೋ ಬರುತ್ತದೆ. ಅರವತ್ತು ವರ್ಷ ಹಳೆಯ ಎಂಜಿನ್ನಿಗೆ ಸಿಗದ ಭಾಗವನ್ನು ಲೇತಿನಲ್ಲಿ ಕಡೆದು ಕೂರಿಸಿದ ಉಸ್ತಾದನ ಹೆಸರು ಯಾವ ಆರ್.ಸಿ. ಪುಸ್ತಕದಲ್ಲೂ ಇರುವುದಿಲ್ಲ.

ಮಹಾರಾಜರು ಏಳು ಕಾರು ಕೊಂಡರೆ ಅದನ್ನು ರಸಿಕತೆ ಎಂದು ಬರೆಯುತ್ತೇವೆ. ನಿಜಾಮರು ಸಿಂಹಾಸನದ ಕಾರು ಮಾಡಿಸಿದರೆ ಪರಂಪರೆ ಎಂದು ಗಾಜಿನ ಮನೆಯಲ್ಲಿಡುತ್ತೇವೆ. ನಟನಿಗೆ ಉಡುಗೊರೆ ಬಂದರೆ ಅಭಿಮಾನ. ಗುಜರಿಯವನು ಒಂದು ಕೊಂಡರೆ ಷೋಕಿ. ಸ್ವಂತ ವ್ಯಾಪಾರದ ಹಣದಲ್ಲಿ ಕೊಂಡವನು ಈ ನಾಲ್ವರಲ್ಲಿ ಕೊನೆಯವನೊಬ್ಬನೇ ಎಂಬುದನ್ನು ಗಮನಿಸಬೇಕು. ಹಾಗೆಂದು ನಾನು ಅದನ್ನು ಹೊಗಳುತ್ತಿಲ್ಲ. ದುಂದುವೆಚ್ಚವನ್ನು ಇಸ್ರಾಫ್ ಎಂದು ಕರೆದು ಧರ್ಮ ತಡೆದಿದೆ. ರೋಲ್ಸ್ ರಾಯ್ಸ್ ಇಸ್ರಾಫ್ ಅಲ್ಲದಿದ್ದರೆ ಇನ್ನಾವುದು? ನಮ್ಮವನೊಬ್ಬ ಅಮಿತಾಭ್ ಕಾರು ಕೊಂಡ ಎಂದು ನಮ್ಮ ಓಣಿಗಳಲ್ಲಿ ಎದೆಯುಬ್ಬಿಸಿಕೊಂಡವರಿಗೂ ಈ ಪ್ರಶ್ನೆ ಕೇಳಬೇಕು. ಆದರೆ ಕೇಳುವುದಾದರೆ ಮಹಾರಾಜರಿಂದ, ನಿಜಾಮರಿಂದ ಶುರುಮಾಡಬೇಕು.

ಇನ್ನು ಕಾನೂನು. ಅದರಲ್ಲಿ ಅಸ್ಪಷ್ಟ ಏನೂ ಇಲ್ಲ. ಒಂದು ರಾಜ್ಯದ ವಾಹನ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಅಲ್ಲಿನ ನಂಬರು ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಮಾರಾಟವಾದರೆ ಕೊಂಡವರು 30 ದಿನದೊಳಗೆ ವರದಿ ಮಾಡಬೇಕು, ಮಾರಿದವರಿಗೂ ಅದರ ಹೊಣೆಯಿದೆ. ಕರ್ನಾಟಕದಲ್ಲಿ ದುಬಾರಿ ಕಾರಿನ ಜೀವಾವಧಿ ತೆರಿಗೆ ಬೆಲೆಯ ಶೇ. 18ರವರೆಗೆ ಮುಟ್ಟುತ್ತದೆ, ದೇಶದಲ್ಲೇ ಹೆಚ್ಚಿನ ದರಗಳಲ್ಲಿ ಒಂದು. ಕೋಟಿಗಟ್ಟಲೆ ಕೊಟ್ಟು ಕಾರು ಕೊಳ್ಳುವವರು ತೆರಿಗೆ ತಪ್ಪಿಸಲು ಪುದುಚೇರಿಯ, ಮಹಾರಾಷ್ಟ್ರದ ನಂಬರಿನಲ್ಲಿ ಓಡಾಡುವುದು ಯಾವ ಒಂದು ಜಾತಿ ಮತದವರ ಅಭ್ಯಾಸವೂ ಅಲ್ಲ. ಅಂದು ವಿಠಲ ಮಲ್ಯ ರಸ್ತೆಯಲ್ಲಿ ಸಿಕ್ಕಿದ್ದು ಇದೊಂದೇ ಕಾರಲ್ಲ. ಆದರೆ ಜನಕ್ಕೆ ನೆನಪುಳಿದದ್ದು ಇದೊಂದೇ. ರಾಜರಾಜೇಶ್ವರಿನಗರದಲ್ಲಿ ಸಾಲ ಮಾಡಿ ಮಾರುತಿ ಕೊಂಡ ಮೇಷ್ಟ್ರು ಜ್ಞಾನಭಾರತಿ ಆರ್.ಟಿ.ಓ.ದಲ್ಲಿ ಮೊದಲ ದಿನವೇ ಪೂರ್ತಿ ತೆರಿಗೆ ಕಟ್ಟಿ ಕೆ.ಎ. 41 ನಂಬರು ತೆಗೆದುಕೊಳ್ಳುತ್ತಾರೆ. ಅವರ ಕಣ್ಣಿನಲ್ಲಿ ನೋಡಿದರೆ ಅಧಿಕಾರಿಗಳು ಮಾಡಿದ್ದು ಸರಿಯೇ.

ಆದರೂ ಆ ಆರ್.ಸಿ. ಪುಸ್ತಕದ ಹೆಸರು ನನ್ನನ್ನು ಬಿಡುವುದಿಲ್ಲ. ಜ್ಞಾನಭಾರತಿಯಲ್ಲಿ 1982ರಲ್ಲಿ ಅಮಿತಾಭ್ ಒಬ್ಬ ಇಕ್ಬಾಲನ ಹೆಸರು ಹೊತ್ತು ಪೆಟ್ಟು ತಿಂದರು. ಮೂವತ್ತೊಂಬತ್ತು ವರ್ಷ ಕಳೆದ ಮೇಲೆ ಅದೇ ಊರಿನಲ್ಲಿ ಯೂಸುಫ್ ಎಂಬವರ ಕಾರು ಅಮಿತಾಭ್ ಹೆಸರು ಹೊತ್ತು ಸಿಕ್ಕಿಬಿತ್ತು. ಹೆಸರು ಬದಲಿಸದಿದ್ದಕ್ಕೆ ತೆರಿಗೆಯ ಲೆಕ್ಕಾಚಾರವೇ ಕಾರಣವೋ, ಬರೀ ಆಲಸ್ಯವೋ, ಆ ಹೆಸರು ಅಳಿಸಲು ಮನಸ್ಸಾಗಲಿಲ್ಲವೋ, ಅವರಿಗೇ ಗೊತ್ತು. ಹೆಸರು ಅಳಿಸಿದರೆ ಅದು ಹನ್ನೆರಡು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಕಾರು. ಕಾರು ಹಿಡಿಯುವುದಕ್ಕೆ ಆರು ವಾರ ಮುಂಚೆ, ಜುಲೈ 7ರಂದು ದಿಲೀಪ್ ಕುಮಾರ್ ತೀರಿಕೊಂಡಿದ್ದರು. ಅವರ ನಿಜ ಹೆಸರು ಯೂಸುಫ್ ಖಾನ್. 1940ರ ದಶಕದಲ್ಲಿ ಪೇಶಾವರದ ಹಣ್ಣಿನ ವ್ಯಾಪಾರಿಯ ಮಗ ಯೂಸುಫ್ ತೆರೆಯ ಮೇಲೆ ಬರಬೇಕಾದರೆ ದಿಲೀಪ್ ಆಗಬೇಕಿತ್ತು. ನಲವತ್ತು ವರ್ಷ ಕಳೆದು ಬಚ್ಚನ್ ಇಕ್ಬಾಲ್ ಆದರೆ ಸಿನಿಮಾ ತುಂಬಿ ಓಡಿತು. ಈಗ ಅಂಥದೊಂದು ಕತೆ ಬರೆದು ನಿರ್ಮಾಪಕರ ಬಳಿ ಹೋದರೆ ಏನೆನ್ನುತ್ತಾರೆ ಎಂಬುದನ್ನು ಸಿನಿಮಾದವರೇ ಹೇಳಬೇಕು.

ಕಾರು ಹಿಡಿದ ಮುಂದಿನ ಭಾನುವಾರ, ಆಗಸ್ಟ್ 29ರಂದು, ಮೈಸೂರು ರಸ್ತೆಯಿಂದ ಕೆಂಗೇರಿಯವರೆಗಿನ ಮೆಟ್ರೋ ಉದ್ಘಾಟನೆಯಾಯಿತು. ನಾಯಂಡಹಳ್ಳಿ, ರಾಜರಾಜೇಶ್ವರಿನಗರ, ಜ್ಞಾನಭಾರತಿ ಎಂದು ನಿಲ್ದಾಣಗಳು. ಈಗ ಇಕ್ಬಾಲ್ ಪೆಟ್ಟು ತಿಂದ ಆವರಣದ ಪಕ್ಕದಲ್ಲೇ ಚಿಲ್ಲರೆ ದುಡ್ಡಿನಲ್ಲಿ ತಣ್ಣಗೆ ಕೂತು ಹಾದುಹೋಗಬಹುದು.

ಕಾರಿನ ಕತೆ ಅಲ್ಲಿಗೂ ನಿಲ್ಲಲಿಲ್ಲ. 2025ರ ಜುಲೈನಲ್ಲಿ ಸಾರಿಗೆ ಇಲಾಖೆ ಮತ್ತೆ ಯೂಸುಫ್ ಶರೀಫರ ಕಾರುಗಳನ್ನು ಹಿಡಿಯಿತು. ಈ ಸಲ ಎರಡು ರೋಲ್ಸ್ ರಾಯ್ಸ್. ಅಮಿತಾಭ್ ಹೆಸರಿನ ಅದೇ ಫ್ಯಾಂಟಮ್, ಜೊತೆಗೆ ಆಮಿರ್ ಖಾನ್ ಹೆಸರಿನ ಒಂದು ಘೋಸ್ಟ್. ತೆರಿಗೆ, ದಂಡ ಸೇರಿ 38 ಲಕ್ಷ ರೂಪಾಯಿಗೂ ಮಿಕ್ಕಿ ಲೆಕ್ಕವಾಯಿತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಎಂದು ಬೇರೆಯೇ ನೋಂದಣಿ, ‘ವಿಎ’ ಎಂಬ ಅಕ್ಷರವಿರುವ ಬೇರೆಯೇ ನಂಬರು. ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ. ಚೋಪ್ರಾರ ತಾಯಿ ಹನ್ನೊಂದು ಲಕ್ಷವೆಂದುಕೊಂಡಿದ್ದ ಕಾರಿಗೆ ಆ ನಂಬರು ಸಿಗಬೇಕಾದರೆ 2057 ಬರಬೇಕು. ರಾಜರ ಕಾಲದ ಎಂಜಿನ್ನನ್ನು ಲೇತು ಇಟ್ಟುಕೊಂಡ ಉಸ್ತಾದ್ ಬದುಕಿಸಿಬಿಡುತ್ತಾನೆ. ಇದರ ಹೊಟ್ಟೆಯ ತುಂಬ ಇರುವುದು ಕಂಪ್ಯೂಟರ್ ಪೆಟ್ಟಿಗೆಗಳು, ವೈರು. ಅಲ್ಲಿಯವರೆಗೆ ಅದನ್ನು ಓಡುವಂತೆ ಇಡುವುದು ಹೇಗೆಂದು ಶಿವಾಜಿನಗರದವರನ್ನೇ ಕೇಳಬೇಕು.